ಓದುಗರ ಪ್ರಶ್ನೆ: ಅರೆಸ್ವಯಂಚಾಲಿತ ಬಂದೂಕಿನ ತೋಟಾ ಮರುಭರ್ತಿಗೆ ಯಾವ ಸಲಕರಣೆ?

ಪ್ರಶ್ನೆ: ಪರವಾನಗಿ ಇರುವ ನಾನು ಗುರಿ ಸ್ಪರ್ಧೆಗಳಿಗಾಗಿ ಬೋಲ್ಟ್ ರೈಫಲ್‌ನ ತೋಟಾಗಳನ್ನು ಹಿಡಿಕೆಯ ಒಂದು ಎಳೆತಕ್ಕೆ ಒಂದೇ ಹಂತ ಮುಗಿಸುವ ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಕಾನೂನಿನ ಅನುಮತಿಯೊಂದಿಗೆ ನಾನೇ ತುಂಬಿಕೊಳ್ಳುತ್ತಿದ್ದೇನೆ. ಈಗ 9 ಮಿ.ಮೀ. ಪಿಸ್ತೂಲು ಹಾಗೂ .223 ರೆಮಿಂಗ್ಟನ್ ಅರೆಸ್ವಯಂಚಾಲಿತ ರೈಫಲ್ ಬಂದಿವೆ. ಎಲ್ಲ ಹಂತಗಳನ್ನೂ ಒಟ್ಟಿಗೇ ನಡೆಸುವ ಪ್ರೋಗ್ರೆಸ್ಸಿವ್ ಪ್ರೆಸ್ ಕೊಳ್ಳಲೇಬೇಕೇ? ರೈಫಲ್‌ಗೆ ಇದುವರೆಗಿನಂತೆ ಕೇಸಿನ (ತೋಟಾದ ಹಿತ್ತಾಳೆ ಕೋಶದ) ಕತ್ತನ್ನಷ್ಟೇ ಅಳತೆಗೆ ತರುವ ನೆಕ್ ಸೈಜಿಂಗ್ ಡೈ (ಅಚ್ಚು) ಸಾಕಾಗುತ್ತದೆಯೇ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಪ್ರೆಸ್ಸಿನ ಆಯ್ಕೆಯೂ ಕೊನೆಗೆ ಅದನ್ನೇ ಅವಲಂಬಿಸಿದೆ. ನೆಕ್ ಸೈಜಿಂಗ್ ಡೈ ಸಾಲುವುದಿಲ್ಲ. ಬೋಲ್ಟ್ ರೈಫಲ್‌ನಲ್ಲಿ ತೋಟಾವನ್ನು ಚೇಂಬರಿಗೆ, ಅಂದರೆ ಬ್ಯಾರಲ್ಲಿನ ಹಿಂಬದಿಯ ಗೂಡಿಗೆ, ದೂಡುವುದು ನಿಮ್ಮ ಕೈ. ಕೇಸು ಸ್ವಲ್ಪವೇ ಉಬ್ಬಿದ್ದರೂ ಬೋಲ್ಟ್ ಬಿಗಿಯಾದದ್ದು ಅಂಗೈಗೆ ಗೊತ್ತಾಗುತ್ತದೆ, ನೀವು ಅಲ್ಲಿಗೇ ನಿಲ್ಲಿಸುತ್ತೀರಿ. ಅರೆಸ್ವಯಂಚಾಲಿತ ಬಂದೂಕಿನಲ್ಲಿ ಅದೇ ಕೆಲಸವನ್ನು ಒಂದು ಸ್ಪ್ರಿಂಗ್ ಮಾಡುತ್ತದೆ, ಅದಕ್ಕೆ ಬಿಗಿ ಸಡಿಲ ತಿಳಿಯುವುದಿಲ್ಲ. ಹೀಗಾಗಿ ನಿಮ್ಮ ಕೈ ಮಾಡುತ್ತಿದ್ದ ಪರೀಕ್ಷೆಯನ್ನು ಇನ್ನು ಮುಂದೆ ಮೇಜಿನ ಮೇಲೆಯೇ, ತೋಟಾ ಮ್ಯಾಗಜೀನಿಗೆ ಹೋಗುವ ಮೊದಲೇ ಮುಗಿಸಬೇಕು. ನೀವು ಕೊಳ್ಳುವ ಪ್ರತಿಯೊಂದು ಸಲಕರಣೆಯನ್ನೂ ಈ ಒಂದು ಅಗತ್ಯದಿಂದಲೇ ಅಳೆಯಿರಿ ಎಂದು ಒತ್ತಿ ಹೇಳುತ್ತೇನೆ.

ಆದ್ದರಿಂದ .223ಕ್ಕೆ ಕೇಸನ್ನು ಪೂರ್ತಿ ಉದ್ದಕ್ಕೂ ಅಳತೆಗೆ ತರುವ ಫುಲ್ ಲೆಂತ್ ಸೈಜಿಂಗ್ ಡೈ ತೆಗೆದುಕೊಳ್ಳಿ. ಹಾರಿಸಿದ ಕೇಸಿನ ಭುಜ, ಅಂದರೆ ಕತ್ತಿನ ಕೆಳಗಿನ ಇಳಿಜಾರು, 0.003ರಿಂದ 0.004 ಇಂಚಿನಷ್ಟು ಹಿಂದೆ ಸರಿಯುವಂತೆ ಡೈಯನ್ನು ಹೊಂದಿಸಿದರೆ ಸಾಮಾನ್ಯವಾಗಿ ಸಾಕು. ಇನ್ನೂ ಹೆಚ್ಚು ತಳ್ಳಿದರೆ ಹಿತ್ತಾಳೆ ಪ್ರತಿ ಬಾರಿ ಹಿಗ್ಗಿ, ಬುಡದ ಹತ್ತಿರ ತೆಳುವಾಗಿ, ಕೊನೆಗೆ ಅಲ್ಲಿಯೇ ಸೀಳುತ್ತದೆ. ಬುಡವನ್ನು ಇನ್ನಷ್ಟು ಕಿರಿದಾಗಿಸುವ ಸ್ಮಾಲ್ ಬೇಸ್ ಡೈ ಎಲ್ಲರಿಗೂ ಬೇಕಿಲ್ಲ. ಫುಲ್ ಲೆಂತ್ ಡೈಯಿಂದ ಬಂದ ಕೇಸು ನಿಮ್ಮ ಚೇಂಬರಿನಲ್ಲಿ ಸಲೀಸಾಗಿ ಕೂರದಿದ್ದರೆ ಆಗ ಅದರ ಯೋಚನೆ ಮಾಡಬಹುದು.

ಡೈ ಜೊತೆಗೆ ಕೇಸ್ ಗೇಜ್ ಇರಲೇಬೇಕು. ಇದು ಚೇಂಬರಿನ ಆಕಾರದಲ್ಲಿ ಕೊರೆದ ಉಕ್ಕಿನ ಗಟ್ಟಿ. ಸೈಜ್ ಮಾಡಿದ ಕೇಸನ್ನು ಅದರೊಳಗೆ ಬಿಟ್ಟು, ಅಂಚಿನಲ್ಲಿರುವ ಎರಡು ಮೆಟ್ಟಿಲುಗಳ ಮೇಲೆ ಉಗುರನ್ನು ಆಡಿಸಿ ನೋಡಿ. ಕೇಸಿನ ತಳ ಮೇಲಿನ ಮೆಟ್ಟಿಲನ್ನು ದಾಟಿ ನಿಂತಿದ್ದರೆ ಭುಜ ಸಾಕಷ್ಟು ಹಿಂದೆ ಹೋಗಿಲ್ಲ, ಕೆಳಗಿನದಕ್ಕಿಂತ ತಗ್ಗಿದ್ದರೆ ಅತಿಯಾಗಿ ಹೋಗಿದೆ. ಕೆಲವು ಗೇಜ್‌ಗಳು ಉದ್ದವನ್ನಷ್ಟೇ ಅಳೆಯುತ್ತವೆ, ಕೇಸಿನ ಹೊಟ್ಟೆಯ ದಪ್ಪವನ್ನು ಅಳೆಯುವುದಿಲ್ಲ ಎಂಬುದನ್ನು ಕೊಳ್ಳುವಾಗಲೇ ವಿಚಾರಿಸಿಕೊಳ್ಳಿ.

ಪಿಸ್ತೂಲಿನ ವಿಷಯ ಇಷ್ಟು ಕಠಿಣವಲ್ಲ. ಕಾರ್ಬೈಡ್ ಉಂಗುರವಿರುವ ಡೈ ಸೆಟ್ ಕೊಂಡರೆ 9 ಮಿ.ಮೀ. ಕೇಸಿಗೆ ಎಣ್ಣೆ ಹಚ್ಚುವ ಕೆಲಸ ತಪ್ಪುತ್ತದೆ. ರೈಫಲ್ ಕೇಸಿಗೆ ಮಾತ್ರ, ಡೈ ಯಾವುದೇ ಇರಲಿ, ಲ್ಯೂಬ್ ಹಚ್ಚದೆ ಹಿಡಿಕೆ ಎಳೆಯಬೇಡಿ. ಕೇಸು ಡೈಯೊಳಗೆ ಕಚ್ಚಿಕೊಳ್ಳುತ್ತದೆ. 9 ಮಿ.ಮೀ. ತೋಟಾ ಚೇಂಬರಿನಲ್ಲಿ ತನ್ನ ಬಾಯಂಚಿನ ಆಧಾರದ ಮೇಲೆ ನಿಲ್ಲುವುದರಿಂದ ಅದಕ್ಕೆ ಬಾಯಂಚನ್ನು ಮಡಿಸದೆ ಬುಲೆಟ್ಟಿಗೆ ಒತ್ತುವ ಟೇಪರ್ ಕ್ರಿಂಪ್ ಡೈಯೇ ಬೇಕು. ರಿವಾಲ್ವರ್ ತೋಟಾಗಳಿಗೆ ಹಾಕುವ ರೋಲ್ ಕ್ರಿಂಪ್ ಆ ಅಂಚನ್ನೇ ಒಳಕ್ಕೆ ಮಡಿಸಿಬಿಡುತ್ತದೆ. ತಯಾರಾದ ತೋಟಾವನ್ನು ಪಿಸ್ತೂಲಿನಿಂದ ಕಳಚಿದ ಬ್ಯಾರಲ್ಲಿನೊಳಗೆ ಬಿಡಿ. ಅದು ಟಕ್ಕೆಂದು ಕೂತು, ಬ್ಯಾರಲ್ಲನ್ನು ತಲೆಕೆಳಗು ಮಾಡಿದೊಡನೆ ತನ್ನ ಭಾರಕ್ಕೇ ಜಾರಿ ಹೊರಬರಬೇಕು. ಬುಲೆಟ್ಟಿನ ಮೂತಿಯನ್ನು ಮೇಜಿಗೆ ಒತ್ತಿ ಒಟ್ಟು ಉದ್ದವನ್ನು ಮತ್ತೆ ಕ್ಯಾಲಿಪರ್‌ನಿಂದ ಅಳೆಯುವುದೂ ಒಳ್ಳೆಯದು. ಕೇಸಿನ ಹಿಡಿತ ಸಡಿಲವಾಗಿದ್ದರೆ ತೋಟಾ ಒಳಗೆ ಹೋಗುವ ರಭಸಕ್ಕೆ ಬುಲೆಟ್ ಹಿಂದೆ ಸರಿದು ಒತ್ತಡ ಅಪಾಯಕಾರಿಯಾಗಿ ಏರುತ್ತದೆ.

ಈಗ ಪ್ರೆಸ್. ಪಿಸ್ತೂಲಿಗೆ ಪ್ರೋಗ್ರೆಸ್ಸಿವ್ ಕೊಳ್ಳಿ, ರೈಫಲ್‌ಗೆ ಸದ್ಯ ಹಳೆಯದನ್ನೇ ಇಟ್ಟುಕೊಳ್ಳಿ. .223 ಕೇಸಿನ ಉದ್ದ 1.760 ಇಂಚನ್ನು ಮೀರಬಾರದು. ಸೈಜ್ ಮಾಡಿದ ಮೇಲೆ ಅಳೆದು, ಬೆಳೆದದ್ದನ್ನು ಟ್ರಿಮ್ಮರ್‌ನಲ್ಲಿ 1.750ಕ್ಕೆ ಕತ್ತರಿಸಿ, ಲ್ಯೂಬ್ ಒರೆಸಿ ಮುಂದುವರಿಯಬೇಕಾಗುವುದರಿಂದ ನಡುವೆ ನಿಲ್ಲಲೇಬೇಕು. ಪ್ರೋಗ್ರೆಸ್ಸಿವ್‌ನ ಲಾಭವಿರುವುದು ಹಿಡಿಕೆಯ ಪ್ರತಿ ಎಳೆತಕ್ಕೂ ಒಂದು ತೋಟಾ ಬೀಳುವುದರಲ್ಲಿ, ನಡುವೆ ನಿಂತರೆ ಆ ಲಾಭ ಕರಗುತ್ತದೆ. ಪಿಸ್ತೂಲಿಗೆ ಕೊಳ್ಳುವಾಗ ಮದ್ದಿನ ಮಟ್ಟ ನೋಡುವ ಪೌಡರ್ ಚೆಕ್ ಡೈಗೆ ಜಾಗವಿರುವ, ಅಂದರೆ ಕನಿಷ್ಠ 5 ಸ್ಟೇಷನ್‌ಗಳಿರುವ (ಕೆಲಸದ ಸ್ಥಾನಗಳಿರುವ) ಪ್ರೆಸ್ ಆರಿಸಿ. ಅನೇಕ ಪಿಸ್ತೂಲು ಮದ್ದುಗಳು 9 ಮಿ.ಮೀ. ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಎರಡು ಸಲ ಬಿದ್ದರೂ ಹೊರಗೆ ಚೆಲ್ಲದೆ ಒಳಗೇ ಹಿಡಿಸಿಬಿಡಬಹುದು, ಅಂಥ ಒಂದೇ ತೋಟಾ ಪಿಸ್ತೂಲನ್ನೂ ಕೈಯನ್ನೂ ಹಾಳುಮಾಡಬಲ್ಲದು. ಪ್ರೆಸ್ಸಿನ ಮೇಲೆ ಪುಟ್ಟ ದೀಪ ಕಟ್ಟಿ, ಬುಲೆಟ್ ಇಡುವ ಮುನ್ನ ಪ್ರತಿ ಕೇಸಿನೊಳಗೂ ಕಣ್ಣು ಹಾಯಿಸಿ.

ತೋಟಾದ ತಳದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಎಆರ್ ಮಾದರಿಯ (ಎಆರ್-15ರಂಥ ಅರೆಸ್ವಯಂಚಾಲಿತ) ರೈಫಲ್‌ಗಳಲ್ಲಿ ಫೈರಿಂಗ್ ಪಿನ್‌ಗೆ ತಡೆಯ ಸ್ಪ್ರಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಬೋಲ್ಟ್ ಮುಚ್ಚುವ ರಭಸಕ್ಕೆ ಅದು ಮುಂದೆ ಚಿಮ್ಮಿ ಪ್ರೈಮರಿನ ಮೇಲೆ ಸಣ್ಣ ಗುಳಿ ಮೂಡಿಸುತ್ತದೆ. ಪ್ರೈಮರ್ ತಳದಿಂದ ಎದ್ದು ನಿಂತಿದ್ದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಸಂಭವವಿದೆ. ಕೈಯಲ್ಲಿ ಹಿಡಿದು ಪ್ರೈಮರ್ ಕೂರಿಸುವ ಉಪಕರಣ ಒಂದನ್ನು ರೈಫಲ್‌ಗೆಂದೇ ಇಟ್ಟುಕೊಳ್ಳಿ, ಅದು ತಳ ಮುಟ್ಟಿದ್ದು ಬೆರಳಿಗೇ ತಿಳಿಯುತ್ತದೆ. ಸೈನಿಕ ಬಳಕೆಯ ಹಳೆಯ ಕೇಸುಗಳಾದರೆ ಪ್ರೈಮರ್ ಗುಂಡಿಯ ಸುತ್ತ ಒತ್ತಿ ಬಿಗಿಸಿದ ಕ್ರಿಂಪ್ ಇರುತ್ತದೆ, ಅದನ್ನು ಸ್ವೇಜ್ ಮಾಡುವ, ಅಂದರೆ ಒತ್ತಿ ಸಮಮಾಡುವ ಉಪಕರಣವೂ ಬೇಕಾಗುತ್ತದೆ.

ಪ್ರಶ್ನೆ: ಎಲೆಕ್ಟ್ರಾನಿಕ್ ತಕ್ಕಡಿಯನ್ನು ನಂಬಬಹುದೇ? ಬೋಲ್ಟ್ ರೈಫಲ್‌ಗೆ ಬಳಸಿದ ಮದ್ದನ್ನೇ ಅರೆಸ್ವಯಂಚಾಲಿತಕ್ಕೂ ಬಳಸಬಹುದೇ?

ಉತ್ತರ: ತಕ್ಕಡಿ 0.1 ಗ್ರೇನ್, ಅಂದರೆ ಸುಮಾರು 6.5 ಮಿಲಿಗ್ರಾಂ ವ್ಯತ್ಯಾಸವನ್ನು ತೋರಿಸಬೇಕು. ಫ್ಯಾನಿನ ಗಾಳಿಗೂ ಕೋಣೆಯ ತಾಪಕ್ಕೂ ಎಲೆಕ್ಟ್ರಾನಿಕ್ ತಕ್ಕಡಿಯ ಸೊನ್ನೆ ಸರಿಯುತ್ತದೆ, ಆದ್ದರಿಂದ ತೂಕ ಖಚಿತವಾಗಿ ಗೊತ್ತಿರುವ ಚೆಕ್ ವೆಯ್ಟ್‌ಗಳನ್ನೂ ಕೊಂಡು ಕೆಲಸದ ನಡುನಡುವೆ ಇಟ್ಟು ನೋಡಿ.

ಮದ್ದಿನ ವಿಷಯದಲ್ಲಿ ಎಚ್ಚರ ಬೇಕು. ಗ್ಯಾಸ್‌ನಿಂದ ನಡೆಯುವ ರೈಫಲ್‌ನಲ್ಲಿ ಬ್ಯಾರಲ್ಲಿನಲ್ಲಿ ಗ್ಯಾಸ್ ಹೊರಬರುವ ರಂಧ್ರದ ಬಳಿ ಇರುವ ಒತ್ತಡವೂ ಲೆಕ್ಕಕ್ಕೆ ಬರುತ್ತದೆ. ಎಂ1 ಗ್ಯಾರಂಡ್ ಎಂಬ ಹಳೆಯ ಅಮೆರಿಕನ್ ಸೈನಿಕ ರೈಫಲ್‌ನಲ್ಲಿ ಅತಿ ನಿಧಾನವಾಗಿ ಉರಿಯುವ ಮದ್ದು ಹಾಕಿ, ಬೋಲ್ಟ್ ನಡೆಸುವ ಆಪರೇಟಿಂಗ್ ರಾಡ್ ಬಾಗಿಸಿಕೊಂಡವರಿದ್ದಾರೆ. ಮದ್ದು ತಯಾರಕರ ಕೈಪಿಡಿಯಲ್ಲಿ ನಿಮ್ಮ ಮಾದರಿಯ ರೈಫಲ್‌ಗೆಂದೇ ಕೊಟ್ಟಿರುವ ಪಟ್ಟಿ ಇದ್ದರೆ ಅದನ್ನೇ ಅನುಸರಿಸಿ, ಅಲ್ಲಿಯ ಕನಿಷ್ಠ ಪ್ರಮಾಣದಿಂದಲೇ ಆರಂಭಿಸಿ. ಮದ್ದನ್ನು ಅಳೆದು ಸುರಿಯುವ ಪೌಡರ್ ಮೆಷರ್‌ನಲ್ಲಿ ಗೋಲಾಕಾರದ ಕಾಳಿನ ಮದ್ದು ಒಂದೇ ಸಮನೆ ಬೀಳುತ್ತದೆ. ಕಡ್ಡಿಯಾಕಾರದ್ದು ಆಗಾಗ ಕತ್ತರಿಸಿಕೊಂಡು ಹೆಚ್ಚುಕಡಿಮೆ ಆಗುವುದರಿಂದ ಅದನ್ನು ಬಳಸುವವರು ತೂಕವನ್ನು ಇನ್ನೂ ಹೆಚ್ಚು ಬಾರಿ ನೋಡಬೇಕಾಗುತ್ತದೆ.