ಗೋಕರ್ಣದ ಗುಡ್ಡ ನಡಿಗೆ ಒಂದೇ ದಿನಕ್ಕೆ ಸಾಕಾ?

ಪ್ರಶ್ನೆ: ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ ಎಲ್ಲಾ ಹತ್ತಿದ್ದೇವೆ ಸಾರ್. ಈಗ ಗೋಕರ್ಣದಲ್ಲಿ ಕಡಲ ಪಕ್ಕದ ಗುಡ್ಡ ಹಿಡಿದು ಬೀಚಿಂದ ಬೀಚಿಗೆ ನಡೆಯುವ ಆಸೆ. ಒಂದು ದಿನ ಸಾಕಾ? ಡಾಲ್ಫಿನ್ ನೋಡೋಕೆ ದೋಣಿ ಬೇಕೇ ಬೇಕಾ?
– ತುಮಕೂರಿನ ಓದುಗರು

ಉತ್ತರ: ನಡೆಯೋಕೆ ಒಂದು ದಿನ ಧಾರಾಳ. ಪ್ರಯಾಣವನ್ನೂ ಅದರಲ್ಲೇ ತುರುಕಬೇಡಿ. ನಿಮ್ಮೂರಿಂದಲೇ ಶುರುವಾಗುವ ಹೊನ್ನಾವರ ಹೆದ್ದಾರಿ ಹಿಡಿದು, ಶಿವಮೊಗ್ಗ, ಸಾಗರ ದಾಟಿ, ಘಟ್ಟ ಇಳಿದು, ಕುಮಟಾ ಮೇಲೆ ಹೋಗಬೇಕಲ್ವಾ? ಹಿಂದಿನ ದಿನವೇ ಹೋಗಿ ಮಲಗಿ.

ಬೆಳಗ್ಗೆ ಬೇಗ ಊರ ಬೀಚಿನ ದಕ್ಷಿಣ ತುದಿಯಿಂದ ರಾಮತೀರ್ಥದ ಕಡೆ ಹತ್ತಿ. ಆಮೇಲೆ ಕುಡ್ಲೆ, ಓಂ, ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಎಲ್ಲರೂ ಬೀಚಿಗೆ ಇಳಿಯುವ ಅವಸರದಲ್ಲಿರುತ್ತಾರೆ, ಆದರೆ ನೋಟ ಇರುವುದು ನಡುವಿನ ಗುಡ್ಡದ ಮೇಲೆ. ಓಂ ಬೀಚಿನ ಆಕಾರ ಮರಳಲ್ಲಿ ನಿಂತರೆ ಗೊತ್ತೇ ಆಗಲ್ಲ, ಮೇಲಿಂದ ನೋಡಬೇಕು.

ಮಧುಗಿರಿ ಹತ್ತಿದವರಿಗೆ ಇದೇನು ಏರು ಅನ್ನಿಸಬಹುದು. ಆದರೆ ಅಲ್ಲಿನದು ಗಟ್ಟಿ ಬಂಡೆ, ಇಲ್ಲಿ ಜಂಬಿಟ್ಟಿಗೆ ಕಲ್ಲು, ಮೇಲೆ ಉದುರು ಜಲ್ಲಿ. ಓಂ ದಾಟಿದ ಮೇಲೆ ಕೆಲವು ಕಡೆ ದಾರಿ ಕಡಿದಾದ ಅಂಚಿಗೇ ಅಂಟಿಕೊಂಡಿದೆ, ಅಲ್ಲಿ ಸೆಲ್ಫಿ ಬೇಡ, ಚಪ್ಪಲಿಯಂತೂ ಬೇಡವೇ ಬೇಡ. ಸೆಕೆಗೆ ಬೆವರು ಆರುವುದಿಲ್ಲ. ನೀರು ಜಾಸ್ತಿ ಇರಲಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಮಳೆಗಾಲದಲ್ಲಿ ಆ ಕಡೆ ತಲೆ ಹಾಕಬೇಡಿ.

ದೋಣಿ ಬೇಡ. ಈ ಕಡಲಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್ ದಡದ ಹತ್ತಿರದ ಕಡಿಮೆ ಆಳದಲ್ಲೇ ಮೀನು ಹುಡುಕುತ್ತದೆ. ಟೀವಿಯಲ್ಲಿ ತೋರಿಸುವ ಹಾಗೆ ಹಾರುತ್ತದೆ ಅಂತ ಕಾಯಬೇಡಿ, ಬೂದು ಬೆನ್ನು ಒಮ್ಮೆ ಮೇಲೆದ್ದು ಮುಳುಗುತ್ತದೆ ಅಷ್ಟೇ. ಗಾಳಿ ಏಳುವ ಮುಂಚೆ, ಸಮುದ್ರ ಶಾಂತವಾಗಿದ್ದಾಗ ಬೈನಾಕ್ಯುಲರ್ ಹಿಡಿದು ಒಂದು ಕಡೆ ಸುಮ್ನೆ ಕೂತರೆ ಕಾಣುವ ಸಾಧ್ಯತೆ ಇದೆ. ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ತಲೆ ಮೇಲೂ ನೋಡುತ್ತಿರಿ. ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆಯ ಗರುಡ ನಿಮಗೆ ಕೆರೆಗಳ ಹತ್ತಿರವೂ ಕಂಡಿರುತ್ತದೆ. ಅದಕ್ಕಿಂತ ತುಂಬಾ ದೊಡ್ಡದಾಗಿ, ಹೊಟ್ಟೆ ಪೂರ್ತಿ ಬೆಳ್ಳಗಿದ್ದರೆ ಅದು ಕಡಲ ಹದ್ದು.

ವಾಪಸ್ ಬರೋಕೆ ಪ್ಯಾರಡೈಸ್‌ನಲ್ಲಿ ದೋಣಿ ಸಿಕ್ಕಿದರೆ ಹತ್ತುವ ಮೊದಲೇ ರೇಟು ಮಾತಾಡಿ. ಇಲ್ಲದಿದ್ದರೆ ಬೆಳಕಿರುವಾಗಲೇ ಆ ಅಂಚಿನ ದಾರಿ ದಾಟಿ ಓಂ ಬೀಚಿಗೆ ಬಂದುಬಿಡಿ. ಸೂರ್ಯ ಮುಳುಗುವುದನ್ನು ಅಲ್ಲೇ ನೋಡಬಹುದು, ಊರಿಗೆ ಆಟೋನೂ ಸಿಗುತ್ತದೆ.