ಫಿನೆರೆನೋನ್ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಏರಿದೆ, ಮಾತ್ರೆ ನಿಲ್ಲಿಸಬೇಕಾ?

ನಿಮ್ಮ ಅಪ್ಪನಿಗೆ ಹಳೇ ಶುಗರ್, ಯೂರಿನ್‌ನಲ್ಲಿ ಪ್ರೋಟೀನ್ ಹೋಗುತ್ತಿದೆ. ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಜೊತೆಗೆ ಡಾಕ್ಟರ್ ಫಿನೆರೆನೋನ್ 10 ಮಿ.ಗ್ರಾಂ ಸೇರಿಸಿದ್ದಾರೆ. ತಿಂಗಳಾದ ಮೇಲೆ ನೋಡಿದರೆ ಶುಗರ್ ಇದ್ದಷ್ಟೇ ಇದೆ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯ) 1.4ರಿಂದ 1.6 ಆಗಿದೆ, ಪೊಟ್ಯಾಸಿಯಂ 5.1. ಕಿಡ್ನಿಗೆ ಅಂತ ಕೊಟ್ಟ ಮಾತ್ರೆಯೇ ಕಿಡ್ನಿ ಹಾಳು ಮಾಡುತ್ತಿದೆಯಾ ಎಂದು ಕೇಳಿದ್ದೀರಿ.

ನೀವಾಗಿಯೇ ನಿಲ್ಲಿಸಬೇಡಿ. ಆದರೆ ಈ ರಿಪೋರ್ಟನ್ನು ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಇಟ್ಟುಕೊಂಡು ಕೂರಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ. ನಾನು ಡಾಕ್ಟರ್ ಅಲ್ಲ. ಇದೇ ಮಾತ್ರೆ ತೆಗೆದುಕೊಳ್ಳುವವನು, ನಿಮಗಾಗಿರುವ ಗಾಬರಿ ನನಗೂ ಆಗಿತ್ತು.

ಮೊದಲು ಶುಗರ್ ವಿಷಯ. ಫಿನೆರೆನೋನ್ ಶುಗರ್ ಇಳಿಸುವ ಮಾತ್ರೆಯೇ ಅಲ್ಲ. ಶುಗರ್ ಇರುವವರ ಕಿಡ್ನಿ ಮತ್ತು ಹೃದಯದಲ್ಲಿ ಆಲ್ಡೋಸ್ಟಿರೋನ್ ಎಂಬ ಹಾರ್ಮೋನಿನ ಆಟ ಜಾಸ್ತಿಯಾಗಿ ಒಳಗೆ ಉರಿಯೂತ ಆಗುತ್ತದೆ, ನಿಧಾನಕ್ಕೆ ಕಲೆಗಟ್ಟುತ್ತದೆ. ಆ ಹಾರ್ಮೋನ್ ಬಂದು ಕೂರುವ ಜಾಗವನ್ನು ಈ ಮಾತ್ರೆ ಹಿಡಿದುಕೊಳ್ಳುತ್ತದೆ. ಅಷ್ಟೇ ಇದರ ಕೆಲಸ.

ಇನ್ನು ಕ್ರಿಯಾಟಿನಿನ್. ಕಿಡ್ನಿಯ ಸೋಸುವ ಜಾಗದಲ್ಲಿ ಒತ್ತಡ ಕಡಿಮೆಯಾದಾಗ ಶುರುವಿನಲ್ಲಿ ಸೋಸುವುದೂ ಸ್ವಲ್ಪ ತಗ್ಗುತ್ತದೆ, ಕ್ರಿಯಾಟಿನಿನ್ ಒಂಚೂರು ಏರುತ್ತದೆ. ಟೆಲ್ಮಿಸಾರ್ಟನ್ ಶುರು ಮಾಡಿದಾಗಲೂ ಹೀಗೇ ಆಗಿರಬಹುದು, ಹಳೇ ರಿಪೋರ್ಟ್ ತೆಗೆದು ನೋಡಿ. ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಲೆಕ್ಕ, ಹಿಂದಿನದಕ್ಕಿಂತ 30%ಗೂ ಜಾಸ್ತಿ ಬಿದ್ದರೆ ಮಾತ್ರೆಯನ್ನು 20 ಮಿ.ಗ್ರಾಂಗೆ ಏರಿಸುವುದಿಲ್ಲ. ಬೇರೆ ಏನಾದರೂ ಕಾರಣ ಇದೆಯಾ ಅಂತಲೂ ಹುಡುಕುತ್ತಾರೆ. ನಿಮ್ಮಪ್ಪನ ಏರಿಕೆ ಅಷ್ಟಿಲ್ಲ. ಆದರೆ ನಡುವೆ ವಾಂತಿ, ಭೇದಿ ಏನಾದರೂ ಆಗಿತ್ತಾ, ಮಂಡಿ ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗಿದ್ದರಾ ಎಂದು ಕೇಳಿ. ಮನೆಯ ಹಿರಿಯರು ಇದನ್ನೆಲ್ಲ ತಾವಾಗಿ ಹೇಳುವುದಿಲ್ಲ.

ನಿಜವಾಗಿ ಕಣ್ಣಿಡಬೇಕಾದ್ದು ಪೊಟ್ಯಾಸಿಯಂ ಮೇಲೆ. ಈ ಮಾತ್ರೆ ಪೊಟ್ಯಾಸಿಯಂ ಹೊರಗೆ ಹೋಗುವುದನ್ನು ತಡೆಯುತ್ತದೆ. ಅದು ತೀರಾ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ, ಎಷ್ಟೋ ಸಲ ಮುಂಚೆ ಯಾವ ಸೂಚನೆಯೂ ಇರುವುದಿಲ್ಲ. ಅದಕ್ಕೇ ಶುರು ಮಾಡಿ 4 ವಾರಕ್ಕೆ ಟೆಸ್ಟ್ ಮಾಡಿಸುವುದು. ಪೊಟ್ಯಾಸಿಯಂ 4.8 ಅಥವಾ ಕಡಿಮೆ ಇದ್ದು ಕಿಡ್ನಿಯೂ ಸರಿಯಾಗಿದ್ದರೆ 20ಕ್ಕೆ ಏರಿಸುತ್ತಾರೆ. 4.8ರಿಂದ 5.5ರ ನಡುವೆ ಇದ್ದರೆ ಅದೇ ಡೋಸ್ ಮುಂದುವರಿಸುತ್ತಾರೆ. 5.5 ದಾಟಿದರೆ ನಿಲ್ಲಿಸಿ, ಇಳಿದ ಮೇಲೆ 10ರಿಂದ ಮತ್ತೆ ಶುರು. ಈ ಲೆಕ್ಕದಲ್ಲಿ 5.1 ನಿಲ್ಲಿಸುವ ಮಟ್ಟವಲ್ಲ, ಹಾಗಂತ ಮರೆತು ಕೂರುವ ಮಟ್ಟವೂ ಅಲ್ಲ.

ರಕ್ತ ತೆಗೆಯುವ ರೀತಿಯಿಂದಲೂ ಈ ಸಂಖ್ಯೆ ಸುಳ್ಳೇ ಏರುತ್ತದೆ. ನನ್ನ ಒಂದು ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸ್ಯಾಂಪಲ್ ಹೀಮೋಲೈಸ್ ಆಗಿದೆ’ ಎಂದಿತ್ತು. ಟ್ಯೂಬಿನಲ್ಲಿ ರಕ್ತಕಣಗಳು ಒಡೆದು ಅವುಗಳ ಒಳಗಿನ ಪೊಟ್ಯಾಸಿಯಂ ಹೊರಗೆ ಬಂದಿದೆ ಅಂತ ಅರ್ಥ. ಮತ್ತೆ ಮಾಡಿಸಿದಾಗ 4.7 ಬಂತು. ನಿಮ್ಮ ರಿಪೋರ್ಟಿನಲ್ಲೂ ಆ ಸಾಲು ಇದೆಯಾ ನೋಡಿ. ಅಡುಗೆಮನೆಯಲ್ಲಿ ‘ಲೋ ಸೋಡಿಯಂ’ ಉಪ್ಪಿದ್ದರೆ ಪ್ಯಾಕೆಟ್ ತಿರುಗಿಸಿ ಓದಿ. ಪೊಟ್ಯಾಸಿಯಂ ಕ್ಲೋರೈಡ್ ಎಂದಿದ್ದರೆ ಅಪ್ಪನಿಗೆ ಅದು ಬೇಡ. ಹೊಸದಾಗಿ ಯಾರೇ ಮಾತ್ರೆ ಬರೆದರೂ ಫಿನೆರೆನೋನ್ ಹೆಸರು ಹೇಳಿ. ಕ್ಲಾರಿಥ್ರೋಮೈಸಿನ್ (ಆ್ಯಂಟಿಬಯೋಟಿಕ್), ಇಟ್ರಾಕೊನಜೋಲ್ (ಫಂಗಸ್‌ಗೆ ಕೊಡುವ ಮಾತ್ರೆ) ಇದರ ಜೊತೆ ಕೂಡದು.

ಇಷ್ಟೆಲ್ಲ ಕಷ್ಟಪಟ್ಟು ಸಿಗುವುದೇನು ಅಂತ ನಿಮಗೆ ಅನ್ನಿಸಬಹುದು. 2020ರಲ್ಲಿ ಬಂದ ಫಿಡೆಲಿಯೊ ಅಧ್ಯಯನದಲ್ಲಿ 5,600ಕ್ಕೂ ಹೆಚ್ಚು ಜನರಿದ್ದರು. ಎರಡೂವರೆ ವರ್ಷ ದಾಟುವ ಹೊತ್ತಿಗೆ, ಖಾಲಿ ಮಾತ್ರೆ (ಔಷಧವಿಲ್ಲದ, ಹೋಲಿಕೆಗೆ ಕೊಡುವ ಮಾತ್ರೆ) ಪಡೆದವರಲ್ಲಿ 21.1% ಜನರ ಕಿಡ್ನಿ ಕೈಕೊಟ್ಟಿತ್ತು ಇಲ್ಲವೇ ತೀರಾ ಕುಸಿದಿತ್ತು. ಫಿನೆರೆನೋನ್ ಪಡೆದವರಲ್ಲಿ 17.8%. ಪವಾಡವೇನಲ್ಲ. ಆದರೆ ಹೋದ ಕಿಡ್ನಿ ಮತ್ತೆ ಬರುವುದಿಲ್ಲ ಅಲ್ವಾ? ನನಗೆ ಈ ವ್ಯತ್ಯಾಸ ದೊಡ್ಡದೇ. ಪೊಟ್ಯಾಸಿಯಂ ಏರಿತೆಂದು ಮಾತ್ರೆ ಬಿಡಬೇಕಾದವರು 2.3%, ಖಾಲಿ ಮಾತ್ರೆಯವರಲ್ಲಿ 0.9%.

ಶುಗರ್ ಇಳಿಸುವುದರ ಜೊತೆ ಕಿಡ್ನಿಯನ್ನೂ ಕಾಯುವ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಬಗ್ಗೆ ನೀವು ಬರೆದಿಲ್ಲ. ಅಪ್ಪನಿಗೆ ಕೊಟ್ಟಿಲ್ಲವಾದರೆ ಯಾಕೆ ಅಂತ ಡಾಕ್ಟರನ್ನು ಕೇಳಿ. 2025ರ ಕಾನ್ಫಿಡೆನ್ಸ್ ಅಧ್ಯಯನದಲ್ಲಿ ಫಿನೆರೆನೋನ್, ಎಂಪಾಗ್ಲಿಫ್ಲೋಜಿನ್ ಎರಡನ್ನೂ ಒಟ್ಟಿಗೆ ಶುರು ಮಾಡಿದವರಿಗೆ ಆರು ತಿಂಗಳಲ್ಲಿ ಯೂರಿನ್ ಆಲ್ಬುಮಿನ್ (ಯೂರಿನ್‌ನಲ್ಲಿ ಹೋಗುವ ಪ್ರೋಟೀನ್) ಸುಮಾರು ಅರ್ಧಕ್ಕೆ ಇಳಿಯಿತು. ಯಾವುದಾದರೂ ಒಂದನ್ನೇ ಪಡೆದವರಿಗೆ ಅಷ್ಟು ಇಳಿಯಲಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಶುರು ಮಾಡುವ ಮುಂಚಿನ ಯೂರಿನ್ ಆಲ್ಬುಮಿನ್ ರಿಪೋರ್ಟ್ ಜೊತೆಗಿರಲಿ, ಹೊಸದಾಗಿ ಯಾವಾಗ ಮಾಡಿಸಬೇಕು ಅಂತಲೂ ಕೇಳಿಕೊಳ್ಳಿ. ಮಾತ್ರೆ ಹಿಡಿಯುತ್ತಿದೆಯಾ ಅನ್ನುವುದು ಕ್ರಿಯಾಟಿನಿನ್‌ಗಿಂತ ಮೊದಲು ಅದರಲ್ಲೇ ಗೊತ್ತಾಗುವುದು.