ಚಕ್ರದ ಬೇರಿಂಗ್: ಎಷ್ಟು ಬಿಗಿದರೆ ಸರಿ?

ಪ್ರಶ್ನೆ (ಹುಬ್ಬಳ್ಳಿ): ನನ್ನದು 2011ರ ಸ್ಕೋಡಾ ಲಾರಾ. ಮುಂದಿನ ಎಡಚಕ್ರಕ್ಕೆ ಹೊಸ ಬೇರಿಂಗ್ ಹಾಕಿಸಿ ಎರಡು ತಿಂಗಳಾಗಿಲ್ಲ, ಮತ್ತೆ ಗುಂಯ್‌ಗುಡುತ್ತಿದೆ. ಮೆಕ್ಯಾನಿಕ್ ಹಳೇ ಬೋಲ್ಟುಗಳನ್ನೇ ಹಾಕಿ ಗಾಳಿ ಗನ್ನಿನಲ್ಲಿ ಬಿಗಿದಿದ್ದರು. ಚಕ್ರ ಕೂರುವ ಹಬ್ಬಿನ ಬೋಲ್ಟಿಗೆ ‘70 ನ್ಯೂಟನ್ ಮೀಟರ್ + 90 ಡಿಗ್ರಿ’ ಅಂತ ಓದಿದೆ. ಈ ಡಿಗ್ರಿ ಲೆಕ್ಕ ಏನು?

ಉತ್ತರ: ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಅಂತ ಖಚಿತಪಡಿಸಿಕೊಳ್ಳಿ. ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ಎಳೆದರೆ ಭಾರ ಎಡಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಏರಿ, ಎಡಕ್ಕೆ ಎಳೆದಾಗ ಇಳಿದರೆ ಎಡ ಬೇರಿಂಗಿನ ಮೇಲೆ ಅನುಮಾನ ಪಡಬಹುದು. ಎರಡೂ ಕಡೆಗೆ ಒಂದೇ ತರ ಇದ್ದರೆ ಟೈರು ನೋಡಿ.

ಇನ್ನು ಡಿಗ್ರಿಯ ವಿಷಯ. ಟಾರ್ಕ್ ವ್ರೆಂಚಿನಲ್ಲಿ (ನಿಗದಿ ಮಾಡಿದ ಬಿಗಿತ ಮುಟ್ಟಿದಾಗ ‘ಟಕ್’ ಅನ್ನುವ ಪಾನಾ) ನಾವು ಹಾಕುವ ಬಲದಲ್ಲಿ ಅರ್ಧದಷ್ಟು ಬೋಲ್ಟಿನ ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ, ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನ ತಿಕ್ಕಾಟಕ್ಕೆ. ಬೋಲ್ಟನ್ನು ಎಳೆದು ಬಿಗಿ ಹಿಡಿಸುವುದಕ್ಕೆ ಸಿಗುವುದು ನೂರಕ್ಕೆ ಹತ್ತು. ಥ್ರೆಡ್ಡಿನಲ್ಲಿ ಚೂರು ತುಕ್ಕಿದ್ದರೆ ಆ ಹತ್ತೂ ಕರಗುತ್ತದೆ, ವ್ರೆಂಚು ಮಾತ್ರ ‘ಟಕ್’ ಅಂದುಬಿಡುತ್ತದೆ. ಅದಕ್ಕೇ ಕಾರು ತಯಾರಿಸಿದವರು 70ರವರೆಗೆ ಮಾತ್ರ ಟಾರ್ಕನ್ನು ನಂಬಿ, ಆಮೇಲೆ ಕೋನದ ಲೆಕ್ಕಕ್ಕೆ ಬಂದಿದ್ದಾರೆ. ಬೋಲ್ಟಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಹೋಗುವ ದೂರ, 1.5 ಮಿ.ಮೀ. ಕಾಲು ಸುತ್ತು ತಿರುಗಿಸಿದರೆ ಅದು 0.375 ಮಿ.ಮೀ. ಮುಂದೆ ಹೋಗಲೇಬೇಕು, ಎಣ್ಣೆ ಇರಲಿ, ತುಕ್ಕಿರಲಿ. ಅಷ್ಟರಲ್ಲಿ ಬೋಲ್ಟು ಹಿಗ್ಗಿ ಸ್ಪ್ರಿಂಗಿನಂತೆ ಎಳೆದು ಹಿಡಿಯುತ್ತದೆ. ಹೀಗೆ ಒಮ್ಮೆ ಹಿಗ್ಗಿದ್ದು ಪೂರ್ತಿ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಹಳೇ ಬೋಲ್ಟನ್ನೇ ಮತ್ತೆ ಹಾಕಬಾರದು ಎನ್ನುವುದು ಬಿಡಿಭಾಗ ಮಾರುವವರ ಉಪಾಯವಲ್ಲ, ಕಾರಣ ಇದು.

ಗನ್ನು ಬೋಲ್ಟ್ ಬಿಚ್ಚಲು ಇರಲಿ. ಬಿಗಿಯುವಾಗ ಅದು ಎಷ್ಟು ಕೊಟ್ಟಿತು ಅಂತ ಹಿಡಿದವರಿಗೂ ಗೊತ್ತಾಗುವುದಿಲ್ಲ.

ಈ ಕಾರಿನಲ್ಲಿ ಹಬ್ಬು, ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ಲೋಹದ ತುಂಡಾದ ನಕಲ್‌ಗೆ ನಾಲ್ಕು ಬೋಲ್ಟಿನಲ್ಲಿ, ಹಿಂದಿನಿಂದ ಕೂರುತ್ತದೆ. ಕೂರುವ ಜಾಗವನ್ನು ವೈರ್ ಬ್ರಶ್ಶಿನಿಂದ ಲೋಹ ಹೊಳೆಯುವ ತನಕ ಉಜ್ಜಬೇಕು. ಅಲ್ಲಿ ಒಂದು ಚಕ್ಕೆ ತುಕ್ಕು ಉಳಿದರೂ ಹಬ್ಬು ಓರೆಯಾಗಿ ಕೂರುತ್ತದೆ. ನಾಲ್ಕೂ ಬೋಲ್ಟನ್ನು ಮೊದಲು ಬರಿಗೈಯಲ್ಲಿ ಮೂರು ನಾಲ್ಕು ಸುತ್ತು ತಿರುಗಿಸಿ. ಕೈಯಲ್ಲಿ ಹೋಗದಿದ್ದರೆ ಥ್ರೆಡ್ ಅಡ್ಡ ಹಿಡಿದಿದೆ, ಬಿಚ್ಚಿ ಮತ್ತೆ ಕೂರಿಸಿ. ಆಮೇಲೆ ಎದುರುಬದುರು ಕ್ರಮದಲ್ಲಿ 30, 50, 70. ಬೋಲ್ಟಿನ ತಲೆಗೂ ನಕಲ್‌ಗೂ ಸೇರಿಸಿ ಪೇಂಟಿನ ಒಂದು ಗೆರೆ ಎಳೆದು, ಅದೇ ಕ್ರಮದಲ್ಲಿ ಕಾಲು ಸುತ್ತು. ಗೆರೆ 12 ಗಂಟೆಯಿಂದ 3 ಗಂಟೆಗೆ ಬಂತೆಂದರೆ ಮುಗಿಯಿತು.

ಬೋಲ್ಟಿನ ತಲೆಯೊಳಗೆ 12 ಮೂಲೆಯ ಗುಳಿ ಇರುತ್ತದೆ, ಹಳೇ ಬೋಲ್ಟುಗಳಲ್ಲಿ ಅದು ಮಣ್ಣು ತುಂಬಿ ಕಲ್ಲಾಗಿರುತ್ತದೆ. ಬಿಚ್ಚುವ ಮೊದಲು ಮೊಳೆಯಿಂದ ಕೆದಕಿ, ಬಿಟ್ಟನ್ನು ಸುತ್ತಿಗೆಯಿಂದ ಎರಡೇಟು ಹೊಡೆದು ತಳ ಮುಟ್ಟಿಸಿ. ಅರ್ಧ ಕೂತ ಬಿಟ್ಟು ಜಾರಿ ಮೂಲೆಗಳು ಸವೆದರೆ ಅರ್ಧ ಗಂಟೆಯ ಕೆಲಸ ಅರ್ಧ ದಿನ ಹಿಡಿಯುತ್ತದೆ.

ನಡುವಿನ ಆಕ್ಸಲ್ ಬೋಲ್ಟೂ ಪ್ರತಿಸಲ ಹೊಸದೇ ಬೇಕು. ತಲೆಯ ಕೆಳಗೆ ಹಲ್ಲುಗೆರೆ ಇರುವ ಬೋಲ್ಟಿಗೂ ಇಲ್ಲದ್ದಕ್ಕೂ ಬಿಗಿಯುವ ಅಂಕಿ ಬೇರೆ, ಕೈಯಲ್ಲಿರುವುದು ಯಾವುದು ನೋಡಿಕೊಂಡು ಅಂಕಿ ಹುಡುಕಿ. ಅದನ್ನು ಬಿಗಿಯದೆ ಕಾರನ್ನು ಚಕ್ರದ ಮೇಲೆ ಇಳಿಸುವುದಾಗಲಿ, ಒಂದಡಿ ತಳ್ಳುವುದಾಗಲಿ ಬೇಡ. ಬೇರಿಂಗಿನ ಒಳಬಳೆಯನ್ನು ಅದುಮಿ ಹಿಡಿಯುವುದು ಆ ಬೋಲ್ಟೇ. ಅದು ಸಡಿಲ ಇದ್ದಾಗ ಭಾರ ಬಿದ್ದರೆ ಗುಂಡುಗಳು ಓಡುವ ದಾರಿಯಲ್ಲಿ ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಮನೆ ತಲುಪುವ ಮೊದಲೇ ಹಳತಾಗುತ್ತದೆ. ಮೊದಲ ಹಂತವನ್ನು ಜಾಕಿಯ ಮೇಲೆಯೇ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಮುಗಿಸಿ. ನಿಮ್ಮ ಕಾರಿನಲ್ಲಿ ತಪ್ಪಾಗಿರುವುದು ಇಲ್ಲೇ ಇರಬಹುದು ಅನ್ನಿಸುತ್ತದೆ.

ಪ್ರಶ್ನೆ (ಶಿವಮೊಗ್ಗ): ಲೇತ್ ಅಂಗಡಿಯಲ್ಲಿ ಬೇರಿಂಗ್ ಪ್ರೆಸ್ ಮಾಡಿಸಿದ ದಿನದಿಂದ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ದೀಪ ಆರುತ್ತಿಲ್ಲ.

ಉತ್ತರ: ಬೇರಿಂಗ್ ಹಿಂದುಮುಂದಾಗಿರುವ ಸಾಧ್ಯತೆಯೇ ಹೆಚ್ಚು. ಈಗಿನ ಬಹಳಷ್ಟು ಬೇರಿಂಗುಗಳ ಒಂದು ಸೀಲಿನಲ್ಲೇ ಆಯಸ್ಕಾಂತದ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ ಕಪ್ಪಗಿರುವ ಕಡೆ. ಅದು ಚಕ್ರದ ವೇಗ ಓದುವ ಎಬಿಎಸ್ ಸೆನ್ಸರಿನತ್ತ ಮುಖ ಮಾಡಿರಬೇಕು. ಒಮ್ಮೆ ಒತ್ತಿ ತೆಗೆದದ್ದನ್ನು ತಿರುಗಿಸಿ ಹಾಕುವಂತಿಲ್ಲ, ಹೊಸದೇ ಬೇಕು. ಈ ಸಲ ಅಂಗಡಿಯಲ್ಲಿ ನಿಂತು ನೋಡಿ: ನಕಲ್ ಒಳಗೆ ಒತ್ತುವಾಗ ಬಲ ಹೊರಬಳೆಯ ಮೇಲೆ ಬೀಳಬೇಕು, ಹಬ್ಬನ್ನು ಒತ್ತುವಾಗ ಒಳಬಳೆಗೆ ಕೆಳಗಿನಿಂದ ಆಸರೆ ಇರಬೇಕು. ಸುತ್ತಿಗೆ ಎತ್ತಿದರೆ ಬೇರಿಂಗ್ ವಾಪಸ್ ತನ್ನಿ.

ಪ್ರಶ್ನೆ (ಉಡುಪಿ): ಕಡಲ ಗಾಳಿಗೆ ಚಕ್ರದ ನಟ್ಟುಗಳು ತುಕ್ಕು ಹಿಡಿಯುತ್ತವೆ. ಗ್ರೀಸ್ ಹಚ್ಚಬಹುದೇ? ಹಳೇ ಸ್ವಿಫ್ಟ್.

ಉತ್ತರ: ಥ್ರೆಡ್ಡಿಗೂ ನಟ್ಟಿನ ಕೋನಮುಖಕ್ಕೂ ಬೇಡ. ತಿಕ್ಕಾಟ ಕಡಿಮೆಯಾದರೆ ಅದೇ ಅಂಕಿಗೆ ಸ್ಟಡ್ಡು ಅತಿಯಾಗಿ ಎಳೆಯುತ್ತದೆ. ಹಬ್ಬಿನ ನಡುವಿನ ಉಬ್ಬಿಗೆ ತೆಳ್ಳಗೆ ಸವರಿದರೆ ಸಾಕು, ರಿಮ್ಮು ಕಚ್ಚಿಕೊಳ್ಳುವುದು ಅಲ್ಲೇ. ನಿಮ್ಮ ಕಾರಿಗೆ 85 ನ್ಯೂಟನ್ ಮೀಟರ್. 25 ಸೆ.ಮೀ. ಪಾನಾದ ತುದಿಯಲ್ಲಿ ಅದು ಸುಮಾರು 35 ಕೆ.ಜಿ. ಬಲ. ಅದೇ ಪಾನಾದ ತುದಿಯ ಮೇಲೆ 60 ಕೆ.ಜಿ. ತೂಕದವರು ಹತ್ತಿ ನಿಂತರೆ 147 ನ್ಯೂಟನ್ ಮೀಟರ್ ಆಗುತ್ತದೆ! ಚಕ್ರ ಬಿಚ್ಚಿ ಹಾಕಿದ ಮೇಲೆ 100 ಕಿ.ಮೀ.ಯೊಳಗೆ ಇನ್ನೊಮ್ಮೆ ವ್ರೆಂಚ್ ಇಟ್ಟು ನೋಡಿ.

ಪ್ರಶ್ನೆ (ಮಂಡ್ಯ): ಟ್ರ್ಯಾಕ್ಟರಿನ ಮುಂಚಕ್ರದ ಬೇರಿಂಗಿಗೂ ಹೀಗೇ ಪೂರ್ತಿ ಬಿಗಿಯಬೇಕೇ?

ಉತ್ತರ: ಬೇಡವೇ ಬೇಡ. ಅಲ್ಲಿರುವುದು ಶಂಕುವಿನಾಕಾರದ ರೋಲರುಗಳ ಜೋಡಿ. ಗ್ರೀಸ್ ತುಂಬಿ, ಹಬ್ಬನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ಟನ್ನು ಹಬ್ಬು ಬಿಗಿ ಹಿಡಿಯುವ ತನಕ ಬಿಗಿಯಿರಿ. ಆಮೇಲೆ ಹಬ್ಬು ಸಲೀಸಾಗಿ ತಿರುಗುವಷ್ಟು, ಆದರೆ ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡದಷ್ಟು ಹಿಂದಕ್ಕೆ ಬಿಡಿ. ನಟ್ಟು ತಿರುಗದಂತೆ ತಡೆಯುವ ಕಾಟರ್ ಪಿನ್ನಿನ ತೂತು ಸರಿಹೊಂದದಿದ್ದರೆ ಇನ್ನಷ್ಟು ಬಿಗಿಯುವ ಬದಲು ತುಸು ಸಡಿಲಿಸಿ. ಪಿನ್ ಹೊಸದೇ ಇರಲಿ.